ಹೆಸರಿಟ್ಟವರು ಯಾರು?

ಹೆತ್ತೂರಿನಂಥ ಮಲೆನಾಡಿನ ಊರಿನಲ್ಲಿ ಗಂಡುಹುಡುಗನೆಂದರೆ ಮರ ಹತ್ತಬೇಕು, ಸುರಿಯುವ ಮಳೆಯಲ್ಲೂ ತೋಟ ಸುತ್ತಬೇಕು. ರಂಗೋಲಿ ಇಷ್ಟಪಡುವ, ಮೆಲ್ಲಗೆ ಮಾತಾಡುವ ಹುಡುಗನಿಗೆ ‘ಹೆಣ್ಣಿಗ’ ಎಂಬ ಹೆಸರು ಶಾಲೆಯಲ್ಲೇ ಅಂಟಿಕೊಳ್ಳುತ್ತದೆ. ಆದರೆ ಅಂಥವರಲ್ಲಿ ಎಷ್ಟೋ ಮಂದಿ ಹೆಣ್ಣನ್ನೇ ಒಲಿದು ಸಂಸಾರ ಮಾಡುತ್ತಾರೆ. ಮೀಸೆ ತಿರುವುವ ಕಟ್ಟಾಳಿನ ಒಲವು ಗಂಡಸಿನ ಕಡೆಗಿರುವುದೂ ಉಂಟು. ನಡಿಗೆಗೂ ಒಲವಿಗೂ ಗಂಟು ಹಾಕುವವರು ನಾವು.

ಈ ಒಲವಿಗೆ ಅಪರಾಧದ ಹಣೆಪಟ್ಟಿ ಕಟ್ಟಿದ್ದು ಬ್ರಿಟಿಷರ 1860ರ ದಂಡಸಂಹಿತೆ. ಅದರ 377ನೇ ಕಲಮಿನಲ್ಲಿ ಜೀವಾವಧಿಯವರೆಗೂ ಶಿಕ್ಷೆಯಿತ್ತು. ನಮ್ಮ ಮಕ್ಕಳಿಗೆ ಗಣಿತದ ಬೆರಗೆಂದು ಹೇಳಿಕೊಡುವ ಬೆಂಗಳೂರಿನ ಶಕುಂತಲಾ ದೇವಿಯವರು, ಇವರನ್ನು ಶಿಕ್ಷಿಸುವುದು ಸಲ್ಲದೆಂದು 1977ರಲ್ಲೇ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಅದನ್ನು ಓದಿದವರು ಕಡಿಮೆ.

ಬೆಂಗಳೂರಿನಲ್ಲಿ 1994ರಲ್ಲಿ ‘ಗುಡ್ ಆ್ಯಸ್ ಯು’ ಎಂಬ ಗುಂಪು, 1999ರಲ್ಲಿ ‘ಸಂಗಮ’ ಸಂಸ್ಥೆ ಹುಟ್ಟಿದವು. ಇಂಗ್ಲಿಷ್ ಬಲ್ಲವರು ತಮ್ಮನ್ನು ‘ಗೇ’ ಎಂದುಕೊಂಡರು. ಇಂಗ್ಲಿಷ್ ಬಾರದ ಬಡವರಲ್ಲಿ ಬೇರೆಯೇ ಪದಗಳಿದ್ದವು. ಹೆಣ್ಣಿನ ಭಾವದವನು ‘ಕೋತಿ’. ಇದಕ್ಕೂ ಮಂಗನಿಗೂ ಸಂಬಂಧವಿಲ್ಲ. ಅವನು ಒಲಿಯುವ ‘ಗಂಡಸು’ ‘ಪಂಥಿ’. ಎರಡೂ ಆಗಬಲ್ಲವನು ‘ಡಬಲ್ ಡೆಕ್ಕರ್’. ಏಡ್ಸ್ ತಡೆಯ ಸರ್ಕಾರಿ ಕಾಗದಗಳಲ್ಲಿ ಇವರೆಲ್ಲ ‘ಎಂ.ಎಸ್.ಎಂ.’ ಎಂಬ ಮೂರಕ್ಷರವಾದರು.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಪಂಥಿ’ ಎಂಬುದು ಕೋತಿ ಇಟ್ಟ ಹೆಸರು. ಆ ಗಂಡಸು ತನಗೆ ಯಾವ ಹೆಸರನ್ನೂ ಇಟ್ಟುಕೊಳ್ಳುವುದು ಅಪರೂಪ. ಮನೆಯಲ್ಲಿ ಹೆಂಡತಿ ಮಕ್ಕಳೂ ಇರಬಹುದು. ಪೊಲೀಸರ ಲಾಠಿ, ಬೀದಿಯ ನಗೆ, ಎಲ್ಲವೂ ಕಣ್ಣಿಗೆ ಬೀಳುವ ಕೋತಿಯ ಪಾಲು. ಸೀರೆ ಉಟ್ಟ ನಮಗೆ ಇದು ಅರ್ಥವಾಗದ ಮಾತೇ? ಹೆಣ್ಣುತನ ಕೀಳೆಂಬ ಎಣಿಕೆಯೇ ‘ಹೆಣ್ಣಿಗ’ ಎಂಬ ಮಾತನ್ನು ಬೈಗುಳವಾಗಿಸಿದ್ದು. ಆ ಹುಡುಗನಿಗೆ ಬಿದ್ದ ಕಲ್ಲು ನಮ್ಮ ಅಂಗಳದ್ದೇ.

ವಸುಧೇಂದ್ರರು 2013ರಲ್ಲಿ ‘ಮೋಹನಸ್ವಾಮಿ’ ಕಥೆಗಳನ್ನು ತಂದಾಗ, ಈ ಬದುಕು ಕನ್ನಡದ ಮನೆಮನೆಯ ಮಾತಿನಲ್ಲೇ ಓದಲು ಸಿಕ್ಕಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರಿಬ್ಬರು ಒಪ್ಪಿ ಕೂಡುವುದು ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅವರ ಮದುವೆಗೆ ಮಾತ್ರ ಮಾನ್ಯತೆ ಸಿಗಲಿಲ್ಲ.

ಕೋರ್ಟಿನ ಕೆಲಸ ಕೋರ್ಟಿನದು. ಮನೆಯ ಕೆಲಸ ನಮ್ಮದು. ‘ಮದುವೆಯಾದರೆ ಸರಿಹೋಗುತ್ತಾನೆ’ ಎನ್ನುವವರಲ್ಲಿ ಹೆಂಗಸರೇ ಮುಂದು. ಹಾಗೆ ಕಟ್ಟಿಸಿದ ತಾಳಿಯಿಂದ ಇಬ್ಬರ ಬಾಳು ಬೇಯುತ್ತದೆ. ಒಬ್ಬಳು ತನ್ನ ರೂಪದಲ್ಲೇ ಏನೋ ಕೊರತೆಯೆಂದು ಕನ್ನಡಿಯೆದುರು ನಿಂತು ಹುಡುಕುತ್ತಾಳೆ. ಮಗ ಬಾಯಿಬಿಟ್ಟು ‘ಬೇಡಮ್ಮಾ’ ಎಂದಾಗ ಜಾತಕ ತೆಗೆಯುವ ಬದಲು, ಏಕೆಂದು ಕೇಳಿ, ಹೇಳಿದ್ದನ್ನು ನಂಬಿದರೆ ಸಾಕು. ಅವನಿಗೆ ಬೇಕಾದ ಹೆಸರನ್ನು ಅವನೇ ಇಟ್ಟುಕೊಳ್ಳುತ್ತಾನೆ.