ಸುಣ್ಣದ ಗೂಡು ಮತ್ತು ಮುಕ್ತಶಕ್ತಿಯ ಚಿಹ್ನೆ: ಸ್ವಯಂಪ್ರೇರಿತ ಕ್ರಿಯೆಗಳ ಮುನ್ಸೂಚನೆ ಕುರಿತು

ರಾಸಾಯನಿಕ ಕ್ರಿಯೆಯೊಂದು ತಾನಾಗಿ ನಡೆಯುವುದೇ ಎಂದು ತಿಳಿಯಲು ಗಿಬ್ಸ್ ಮುಕ್ತಶಕ್ತಿಯ ವ್ಯತ್ಯಾಸವನ್ನು ನೋಡುತ್ತೇವೆ. ಋಣವಾದರೆ ನಡೆಯುತ್ತದೆ, ಧನವಾದರೆ ಇಲ್ಲ. ನಿಯಮ ಸರಿಯೇ. ಆದರೆ ಕೋಷ್ಟಕದಲ್ಲಿರುವ ಪ್ರಮಾಣಿತ ಬೆಲೆಗೆ (ಅನಿಲದ ಒತ್ತಡ ಸುಮಾರು ಒಂದು ವಾತಾವರಣವೆಂದು ಹಿಡಿದ ಬೆಲೆಗೆ) ಅದನ್ನು ನೇರವಾಗಿ ಅನ್ವಯಿಸಿದರೆ ತೀರ್ಪು ತಪ್ಪಬಹುದು ಎಂಬುದು ಇಲ್ಲಿನ ವಾದ. ಸುಣ್ಣದ ಕಲ್ಲು ಬೇಯುವ ಬಗೆಯೇ ಅದಕ್ಕೆ ಸಾಕ್ಷಿ. 19ನೇ ಶತಮಾನದಲ್ಲಿ ರಸಾಯನಶಾಸ್ತ್ರಜ್ಞರಾದ ಥಾಮ್ಸೆನ್ ಮತ್ತು ಬರ್ತಲೋ ಶಾಖ ಹೊರಬಿಡುವ ದಿಕ್ಕೇ ಕ್ರಿಯೆಯ ಸಹಜ ದಿಕ್ಕು ಎಂದು ನಂಬಿದ್ದರು. ಆದರೆ ಸುಣ್ಣದ ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುವಾಗ ಮೋಲಿಗೆ ಸುಮಾರು 178 ಕಿಲೊಜೂಲ್ ಶಾಖ ಹೀರುತ್ತದೆ. ಗೂಡಿಗೆ ಹೊರಗಿನಿಂದ ಬೆಂಕಿ ಕೊಡುತ್ತೇವಲ್ಲ ಎಂದು ಅವರ ಪರವಾಗಿ ಹೇಳಬಹುದು. ಆದರೆ 850 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಂಗಾಲದ ಡೈಆಕ್ಸೈಡಿನ ಒತ್ತಡ ತಗ್ಗಿಸಿದರೆ ಕಲ್ಲು ಒಡೆಯುತ್ತದೆ, ಏರಿಸಿದರೆ ಸುಣ್ಣ ಮತ್ತೆ ಕಲ್ಲಾಗುತ್ತದೆ. ಕ್ರಿಯಾಶಾಖ ಬದಲಾಗದೆ ದಿಕ್ಕು ಮಾತ್ರ ತಿರುಗುವುದಾದರೆ, ದಿಕ್ಕನ್ನು ನಿರ್ಧರಿಸುವುದು ಶಾಖವೊಂದೇ ಅಲ್ಲ.

ಅನಿಲ ಹೊರಬರುವುದರಿಂದ ಎಂಟ್ರೊಪಿ ಕೆಲ್ವಿನ್‌ಗೆ ಸುಮಾರು 160 ಜೂಲ್ ಹೆಚ್ಚುತ್ತದೆ. ಕ್ರಿಯಾಶಾಖದಿಂದ ತಾಪ ಮತ್ತು ಎಂಟ್ರೊಪಿಗಳ ಗುಣಲಬ್ಧವನ್ನು ಕಳೆದರೆ ಮುಕ್ತಶಕ್ತಿ; ಆದ್ದರಿಂದ 178 ಕಿಲೊಜೂಲನ್ನು ಈ ಎಂಟ್ರೊಪಿಯಿಂದ ಭಾಗಿಸಿದರೆ ಪ್ರಮಾಣಿತ ಮುಕ್ತಶಕ್ತಿಯ ಚಿಹ್ನೆ ಬದಲಾಗುವ ತಾಪ ಸುಮಾರು 1110 ಕೆಲ್ವಿನ್, ಅಂದರೆ 840 ಡಿಗ್ರಿ ಸೆಲ್ಸಿಯಸ್. ಅಳೆದು ನೋಡಿದರೆ ಅನಿಲದ ಒತ್ತಡ ಒಂದು ವಾತಾವರಣ ಮುಟ್ಟುವುದು 900 ಡಿಗ್ರಿಯ ಆಸುಪಾಸಿನಲ್ಲಿ. ಎಂಥಾಲ್ಪಿ (ಕ್ರಿಯಾಶಾಖ), ಎಂಟ್ರೊಪಿ ಎರಡೂ ತಾಪದೊಂದಿಗೆ ಬದಲಾಗುವುದರಿಂದ ಈ ಅಂತರ ಉಳಿಯುತ್ತದೆ. ಪ್ರತಿ ತಾಪಕ್ಕೂ ಗೊತ್ತಾದ ಒಂದು ಸಮತೋಲನ ಒತ್ತಡವಿದೆ ಎಂದು ರಸಾಯನಶಾಸ್ತ್ರಜ್ಞ ದೆಬ್ರೇ 1867ರಲ್ಲೇ ಪ್ರಯೋಗದಿಂದ ಕಂಡುಕೊಂಡಿದ್ದ. ಅದಕ್ಕೆ ಸೈದ್ಧಾಂತಿಕ ನೆಲೆ ಒದಗಿದ್ದು 1876–78ರ ಗಿಬ್ಸ್ ಪ್ರಬಂಧದಿಂದ. 800 ಡಿಗ್ರಿಯಲ್ಲಿ ಈ ಒತ್ತಡ ವಾತಾವರಣದ ಐದನೆಯ ಒಂದು ಭಾಗದಷ್ಟು. ಆಗ ಪ್ರಮಾಣಿತ ಮುಕ್ತಶಕ್ತಿ ಇನ್ನೂ ಧನ, ಸುಮಾರು 13 ಕಿಲೊಜೂಲ್. ಆದರೂ ಗೂಡಿನೊಳಗೆ ಗಾಳಿಯಾಡಿ ಅನಿಲದ ಪಾಲು ಆ ಮಟ್ಟಕ್ಕಿಂತ ಕೆಳಗಿದ್ದರೆ ಕಲ್ಲು ಬೇಯುತ್ತದೆ. ಶುದ್ಧ ಘನವಸ್ತುಗಳಾದ ಕಲ್ಲು ಮತ್ತು ಸುಣ್ಣ ಎರಡೂ ಲೆಕ್ಕದಿಂದ ಹೊರಗುಳಿಯುತ್ತವೆ. ನಿಜವಾದ ಮುಕ್ತಶಕ್ತಿಯನ್ನು ತೀರ್ಮಾನಿಸುವುದು ತಾಪ ಮತ್ತು ಆ ಒಂದು ಅನಿಲದ ಒತ್ತಡ.

ಹಾಗಾದರೆ ಕೋಷ್ಟಕ ನಿರುಪಯುಕ್ತವೇ? ಅಲ್ಲ. 25 ಡಿಗ್ರಿಯಲ್ಲಿ ಅದು ಕೊಡುವ ಬೆಲೆ 130 ಕಿಲೊಜೂಲ್. ಅದಕ್ಕೆ ತಕ್ಕ ಒತ್ತಡ ವಾತಾವರಣದ 10ರ ಘಾತ −23ರಷ್ಟು. ಯಾವ ಗಾಳಿಯಾಟವೂ ಅಷ್ಟು ಕೆಳಗಿಳಿಸಲಾರದು. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ಚಿಹ್ನೆ ಋಣವಾಗಿದ್ದೂ ಕ್ರಿಯೆ ನಡೆಯದಿದ್ದರೆ ಮುನ್ಸೂಚನೆಗೆ ಬೆಲೆಯೇನು? ಅರಳಿಸಿದ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವ ಕ್ರಿಯೆಯ ಪ್ರಮಾಣಿತ ಬೆಲೆ −73 ಕಿಲೊಜೂಲ್. ಗಾಳಿಯಲ್ಲಿ ಆ ಅನಿಲ ವಿರಳವೆಂದು ಲೆಕ್ಕ ಹಾಕಿದರೂ ಸುಮಾರು −54. ಆದರೂ ಸುಣ್ಣದ ಗಾರೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಷ್ಣಗತಿವಿಜ್ಞಾನದ ಸಮೀಕರಣದಲ್ಲಿ ಕಾಲಕ್ಕೆ ಜಾಗವೇ ಇಲ್ಲ, ಆದ್ದರಿಂದ ಇದು ಅದರ ಸೋಲಲ್ಲ. ಗಾರೆಯ ವೇಗವನ್ನು ಹಿಡಿದಿಡುವುದು ರಂಧ್ರಗಳೊಳಗಿನ ತೇವ ಮತ್ತು ಅನಿಲ ಒಳಗಿಳಿಯುವ ದಾರಿ: ತೀರಾ ಒಣಗಿದರೆ ಅನಿಲ ಕರಗಲು ನೀರಿಲ್ಲ, ತೀರಾ ನೆನೆದರೆ ಅದು ನುಸುಳಲು ತೆರಪಿಲ್ಲ.