ಎದೆಯ ಡವಡವ ಮತ್ತು ರಾಯಚೂರಿನ ಕಾಳಗ

ಮಾನ್ವಿಯ ಕಾಲುವೆ ಬದಿಯ ಭತ್ತದ ಗದ್ದೆಯಲ್ಲೋ ದೇವದುರ್ಗದ ಹತ್ತಿ ಹೊಲದಲ್ಲೋ ಮುಸ್ಸಂಜೆಯ ಹೊತ್ತು ನಡೆಯುತ್ತಿದ್ದೀರಿ. ಕಾಲ ಬಳಿ ಏನೋ ಸರಿದಂತಾಗುತ್ತದೆ. 'ಹಾವು' ಎಂದು ಮನಸ್ಸು ಹೇಳುವ ಮೊದಲೇ ಕಾಲು ಹಿಂದಕ್ಕೆ ಹಾರಿರುತ್ತದೆ. ಅದು ಹಗ್ಗದ ತುಂಡೆಂದು ತಿಳಿದ ಮೇಲೂ ಎದೆಯ ಡವಡವ ನಿಲ್ಲುವುದಿಲ್ಲ.

ಕಣ್ಣು ಕಂಡದ್ದು ಮಿದುಳಿನ ಆಳದಲ್ಲಿರುವ, ಬಾದಾಮಿ ಆಕಾರದ ಅಮಿಗ್ಡಲಾವನ್ನು ಮುಟ್ಟಿದೊಡನೆ ಅಪಾಯದ ಸುದ್ದಿ ಹೊರಡುತ್ತದೆ. ನರಗಳ ಮೂಲಕ ಅದು ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳನ್ನು ತಲುಪಿದಾಗ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ಏರುತ್ತದೆ. ರಕ್ತ ಹೊಟ್ಟೆಯ ಕಡೆಗೆ ಕಡಿಮೆಯಾಗಿ ಕೈಕಾಲುಗಳ ಮಾಂಸಖಂಡಗಳಿಗೆ ಹೆಚ್ಚು ಹರಿಯುತ್ತದೆ. ಬಾಯಿ ಒಣಗುತ್ತದೆ, ರೋಮ ನಿಮಿರುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ. 'ಹೋರಾಡು ಇಲ್ಲವೇ ಓಡು' ಎಂಬ ಸಿದ್ಧತೆ ಇದು. 'ಇಲ್ಲವೇ' ಎಂಬ ಪದವೇ ಇಲ್ಲಿ ಮುಖ್ಯ. ಭಯಕ್ಕೂ ಕೋಪಕ್ಕೂ ದೇಹ ಮಾಡಿಕೊಳ್ಳುವ ತಯಾರಿ ಬಹುಮಟ್ಟಿಗೆ ಒಂದೇ.

ಇದಕ್ಕೆ ನಿದರ್ಶನ ರಾಯಚೂರು ಸೀಮೆಯ ಇತಿಹಾಸದಲ್ಲೇ ಉಂಟು. ಕೃಷ್ಣಾ, ತುಂಗಭದ್ರಾ ನಡುವಿನ ಈ ನೆಲಕ್ಕಾಗಿ 1520ರ ಮೇ 19ರಂದು ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಎದುರಾದರು. ಶಾಹನ ಫಿರಂಗಿಗಳು ಒಮ್ಮೆಲೇ ಗುಡುಗಿದಾಗ ರಾಯನ ಮುಂದಿನ ಸಾಲುಗಳು ಚೆದುರಿ ಹಿಂದಕ್ಕೋಡಿದವು. ಸುಮಾರು ಹದಿನೈದು ವರ್ಷಗಳ ತರುವಾಯ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. (ಅವನು ಕೊಡುವ ಸೈನ್ಯದ ಲೆಕ್ಕವನ್ನು ಹಾಗೆಯೇ ನಂಬಬೇಕಿಲ್ಲ.) ಎರಡನೆಯ ಸಾಲಿನಲ್ಲಿದ್ದ ರಾಯ, ತಾನು ಸತ್ತರೆ ರಾಣಿಯರಿಗೆ ಗುರುತಾಗಲೆಂದು ಉಂಗುರವನ್ನು ಪರಿಚಾರಕನ ಕೈಗಿತ್ತು, ಕುದುರೆಯೇರಿ ಮುನ್ನುಗ್ಗಿದನಂತೆ. ಅಟ್ಟಿಕೊಂಡು ಬರುತ್ತಿದ್ದವರೇ ಈಗ ತಿರುಗಿ ಓಡಿದರು, ಕೃಷ್ಣೆಯವರೆಗೂ. ನದಿಯಲ್ಲಿ ಸತ್ತವರು ಅನೇಕರು. ಶಾಹ ಆನೆಯೇರಿ ಪಾರಾದ. ಫೆರಿಷ್ತಾ ಹೇಳುವ ಕಥೆ ಬೇರೆ: ಶಾಹ ಮದ್ಯದ ಅಮಲಿನಲ್ಲಿ, ದಂಡು ಸೇರುವ ಮೊದಲೇ ನದಿ ದಾಟಿದ್ದ. ಮದ್ಯವು ಮಿದುಳಿನ ಭಯವನ್ನು ಮಬ್ಬಾಗಿಸುತ್ತದೆ, ಅಪಾಯವನ್ನಲ್ಲ.

ಓಡಿದವರ ಮೈಯಲ್ಲೂ ನುಗ್ಗಿದವರ ಮೈಯಲ್ಲೂ ಹರಿದದ್ದು ಅದೇ ಅಡ್ರಿನಲಿನ್. ಕನ್ನಡದಲ್ಲೂ ನೋಡಿ, ಎದೆಗೆಟ್ಟವನಿಗೂ ಎದೆಗಾರನಿಗೂ ಎದೆ ಒಂದೇ. ವ್ಯತ್ಯಾಸ ಮಾಡುವುದು ಅಪಾಯವನ್ನು ತೂಗಿ ನೋಡುವ, ಹಣೆಯ ಹಿಂದಿನ ಮಿದುಳು. ಜೊತೆಗೆ ಪಕ್ಕದವನ ಮುಖ: ಅಲ್ಲಿ ಕಾಣುವ ದಿಗಿಲಿಗೂ ಅಮಿಗ್ಡಲಾ ಮಿಡಿಯುತ್ತದೆ. ದಂಡು ಒಟ್ಟಿಗೆ ಓಡುವುದು, ಒಟ್ಟಿಗೆ ತಿರುಗಿ ನಿಲ್ಲುವುದು ಇದರಿಂದಲೇ.

ಕಾಳಗ ಮುಗಿದರೂ ಕೋಟೆಯೊಳಗಿನವರು ಸೋಲೊಪ್ಪಲಿಲ್ಲ. ಕ್ರಿಸ್ಟೊವಾ ದ ಫಿಗೈರೆದೊ ಎಂಬ ಪೋರ್ಚುಗೀಸನ ಬಂದೂಕಿನವರು ಗೋಡೆಯ ಮೇಲಿದ್ದವರಿಗೆ ಗುರಿಯಿಡತೊಡಗಿದರು. ಏನಾಗುತ್ತಿದೆಯೆಂದು ನೋಡಲು ಕೋಟೆಯ ಅಧಿಪತಿ ಹೊರಬಾಗಿದ. ಗುಂಡು ಹಣೆಗೆ ತಗುಲಿತು. ಅವನು ಬಿದ್ದದ್ದನ್ನು ಕಂಡು ಕಾವಲಿನವರು ಗೋಡೆ ಬಿಟ್ಟಿಳಿದರು. ಮರುದಿನ ಊರಬಾಗಿಲು ತೆರೆಯಿತು.