ಒಮ್ಮೆ ಮಾತ್ರ ಕೇಳಿಸುವ ಮಾತು

ಪಿಯುಸಿಯಲ್ಲಿ ನನ್ನ ಬಳಿ ಭೌತವಿಜ್ಞಾನ ಕಲಿತ ಹುಡುಗಿಯೊಬ್ಬಳು ನರ್ಸಿಂಗ್ ಮುಗಿಸಿ ಈಗ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಈಚೆಗೆ ಮನೆಗೆ ಬಂದಿದ್ದಳು. ಹೊರದೇಶದಲ್ಲಿ ಕೆಲಸಕ್ಕೆ ಸೇರಲು ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್ (ಓಇಟಿ) ಬರೆದು, ಆಲಿಸುವ ಭಾಗದಲ್ಲಿ ಸ್ವಲ್ಪದರಲ್ಲಿ ಹಿಂದೆ ಬಿದ್ದಿದ್ದಳು. “ಸರ್, ಅದೇ ಮಾತನ್ನು ಕಾಗದದ ಮೇಲೆ ಕೊಟ್ಟರೆ ಪೂರ್ತಿ ಅರ್ಥವಾಗುತ್ತೆ. ಕಿವಿಗೆ ಬಿದ್ದರೆ ಅರ್ಧ ಹೋಗುತ್ತೆ. ನನ್ನ ಕಿವಿಯೇ ಸರಿಯಿಲ್ಲವೇನೋ” ಎಂದಳು. ಅಭ್ಯಾಸದ ಧ್ವನಿಮುದ್ರಣದಲ್ಲಿ ‘ಫಿಫ್ಟೀನ್’ ಎಂದದ್ದನ್ನು ಅವಳು 50 ಎಂದು ಬರೆದುಕೊಂಡಿದ್ದಳು. ಪರೀಕ್ಷೆಯಲ್ಲಿ ಇದರಿಂದ ಹೋಗುವುದು ಒಂದು ಅಂಕ. ವಾರ್ಡಿನಲ್ಲಾದರೆ 15 ಮಿಲಿಗ್ರಾಂ ಔಷಧ 50 ಮಿಲಿಗ್ರಾಂ ಆಗಿಬಿಡುತ್ತದೆ.

“ನಿನ್ನ ಕಿವಿ ಸರಿಯಾಗಿಯೇ ಇದೆ” ಎಂದೆ. ಏಕೆ ಹಾಗಾಗುತ್ತದೆ ಎಂದು ವಿವರಿಸಲು ಹೊರಟಾಗ ಮಾತ್ರ ನೂರು ವರ್ಷ ಹಿಂದಿನ ಟೆಲಿಫೋನಿನ ಕಥೆ ಹೇಳಬೇಕಾಯಿತು. ಅದನ್ನೇ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಎಣ್ಣೆಹನಿಯಿಂದ ಮಾತಿನವರೆಗೆ

ಮಿಲಿಕನ್ನರ ಎಣ್ಣೆಹನಿ ಪ್ರಯೋಗವನ್ನು ನೀವು ಓದಿರುತ್ತೀರಿ, ಹಲವರು ಪಾಠವನ್ನೂ ಮಾಡಿರುತ್ತೀರಿ. ಆ ಪ್ರಯೋಗದ ಉಪಕರಣವನ್ನು ಕಟ್ಟಿ, ಹನಿಗಳನ್ನು ಗಂಟೆಗಟ್ಟಲೆ ನೋಡುತ್ತ ಕುಳಿತ ಸಂಶೋಧನ ವಿದ್ಯಾರ್ಥಿ ಹಾರ್ವೆ ಫ್ಲೆಚರ್ (1884-1981). 1910ರ ಪ್ರಸಿದ್ಧ ಲೇಖನ ಹೊರಬಂದದ್ದು ಮಿಲಿಕನ್ ಒಬ್ಬರ ಹೆಸರಿನಲ್ಲಿ. ಅದು ಬೇರೆಯೇ ಚರ್ಚೆ. 1916ರಲ್ಲಿ ಫ್ಲೆಚರ್ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ಮುಂದೆ ಬೆಲ್ ಪ್ರಯೋಗಾಲಯವಾದ ಆ ಜಾಗದಲ್ಲಿ ಅವರ ಕೆಲಸ, ತಂತಿಯ ಮೇಲೆ ಹೋಗುವ ಮಾತನ್ನು ಅಳೆಯುವುದು.

ಅಳೆಯುವ ಬಗೆ ಸರಳ. ಒಬ್ಬ ಅರ್ಥವಿಲ್ಲದ ಉಚ್ಚಾರಾಂಶಗಳನ್ನು ಫೋನಿನಲ್ಲಿ ಓದುತ್ತಾನೆ. ಇನ್ನೊಂದು ಕೋಣೆಯಲ್ಲಿರುವವರು ಕೇಳಿದ್ದನ್ನು ಬರೆಯುತ್ತಾರೆ. ನೂರಕ್ಕೆ ಎಷ್ಟು ಸರಿ ಎಂದು ಎಣಿಸುತ್ತಾರೆ. ಅರ್ಥವಿರುವ ಪದ ಕೊಟ್ಟರೆ ಕೇಳುಗ ಊಹಿಸಿಬಿಡುತ್ತಾನೆ, ಆಗ ತಂತಿಯ ಗುಣ ತಿಳಿಯದು. ಈ ಒಂದು ಎಚ್ಚರಿಕೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಂಥ ಅಳತೆಗಳಿಂದ ತಿಳಿದದ್ದು ಇದು: ಮಾತಿನ ಶಕ್ತಿ ಹೆಚ್ಚಾಗಿ ಸ್ವರಗಳಲ್ಲಿದೆ, ಅರ್ಥವನ್ನು ಬೇರ್ಪಡಿಸುವ ಕೆಲಸ ಬಹುಪಾಲು ವ್ಯಂಜನಗಳದ್ದು. ಇಂಗ್ಲಿಷಿನ ‘ಆ’ಕಾರದ ಗಟ್ಟಿ ಸ್ವರವೊಂದರ ಸಾಮರ್ಥ್ಯವು ‘ಥಿನ್’ ಪದದ ಮೊದಲ ಧ್ವನಿಗಿಂತ ಸುಮಾರು 680 ಪಟ್ಟು ಹೆಚ್ಚು ಎಂದು ಫ್ಲೆಚರ್ ಲೆಕ್ಕ ಕೊಟ್ಟರು. ಡೆಸಿಬೆಲ್‌ನಲ್ಲಿ ಹೇಳುವುದಾದರೆ ಸುಮಾರು 28. ಹಳೆಯ ಟೆಲಿಫೋನ್ ಜಾಲ ಒಯ್ಯುತ್ತಿದ್ದುದು 300ರಿಂದ 3400 ಹರ್ಟ್ಸ್ ಆವೃತ್ತಿಗಳನ್ನು ಮಾತ್ರ. ‘ಸ್’ ಧ್ವನಿಯ ಶಕ್ತಿ ಹೆಚ್ಚಾಗಿ ಇದಕ್ಕಿಂತ ಮೇಲಿನದು. ಫೋನಿನಲ್ಲಿ ‘ಎಸ್’ ಎಂದರೆ ‘ಎಫ್’ ಎಂದು ಕೇಳುವುದು ಇದರಿಂದಲೇ.

ಇನ್ನು ನಮ್ಮ ಕಿವಿಯ ಸಂಗತಿ. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಬೇರೆ ಭಾಷೆಯಿಂದ ಬಂದ ಪದಕ್ಕೂ ನಾವು ‘ಉ’ ಹಚ್ಚಿ ಬಸ್ಸು, ಕಾರು ಎನ್ನುತ್ತೇವೆ. ಪದದ ಕೊನೆಯ ವ್ಯಂಜನವೊಂದರ ಮೇಲೆ ಅರ್ಥ ನಿಂತಿರಬಹುದೆಂಬ ನಿರೀಕ್ಷೆಯೇ ನಮ್ಮ ಕಿವಿಗೆ ಕಡಿಮೆ. ಜೊತೆಗೆ, ಬರೆದ ಅಕ್ಷರಕ್ಕೆಲ್ಲ ಕನ್ನಡದಲ್ಲಿ ಉಚ್ಚಾರದ ಪಾಲು ಉಂಟು. ಇಂಗ್ಲಿಷ್ ಮಾತುಗಾರ ಒತ್ತು ಬೀಳದ ಭಾಗವನ್ನು ನುಂಗಿಬಿಡುತ್ತಾನೆ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ಗಳನ್ನು ಬೇರ್ಪಡಿಸುವುದು ಕೊನೆಯ ದುರ್ಬಲ ಅನುನಾಸಿಕ, ಸ್ವರದ ಉದ್ದ ಮತ್ತು ಒತ್ತು ಬೀಳುವ ಸ್ಥಳ. ಈ ಮೂರನ್ನೂ ನಮ್ಮ ಕಿವಿಗೆ ಯಾರೂ ಕಲಿಸಿಲ್ಲ. ಇಂಗ್ಲಿಷನ್ನು ನಾವು ಕಲಿತದ್ದೇ ಕಣ್ಣಿನಿಂದ.

ಊಹೆಗೂ ಒಂದು ಅಳತೆ

ಫ್ಲೆಚರ್ ದೂರವಿಡಲು ಯತ್ನಿಸಿದ ‘ಊಹೆ’ಯನ್ನೇ ಅಳೆಯಲು ಹೊರಟವರು ಹಾರ್ವರ್ಡಿನ ಜಾರ್ಜ್ ಮಿಲ್ಲರ್ ಮತ್ತು ಸಂಗಡಿಗರು. 1951ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಗದ್ದಲದ ನಡುವೆ ಅಂಕಿಗಳು, ವಾಕ್ಯದೊಳಗಿನ ಪದಗಳು, ಅರ್ಥವಿಲ್ಲದ ಉಚ್ಚಾರಾಂಶಗಳು, ಹೀಗೆ ಬೇರೆ ಬೇರೆ ಸಾಮಗ್ರಿಯನ್ನು ಕೇಳಿಸಿದರು. ಅರ್ಧದಷ್ಟನ್ನು ಸರಿಯಾಗಿ ಗುರುತಿಸಲು ಅರ್ಥವಿಲ್ಲದ ಉಚ್ಚಾರಾಂಶಗಳಿಗೆ ಮಾತು ಗದ್ದಲಕ್ಕಿಂತ ಸುಮಾರು 3 ಡೆಸಿಬೆಲ್ ಮೇಲಿರಬೇಕಾಯಿತು. ಅಂಕಿಗಳಾದರೆ 14 ಡೆಸಿಬೆಲ್ ಕೆಳಗಿದ್ದರೂ ಸಾಕಾಯಿತು! ಅಂದರೆ ಗದ್ದಲದ ಸಾಮರ್ಥ್ಯ ಮಾತಿನದಕ್ಕಿಂತ 25 ಪಟ್ಟು ಇದ್ದರೂ ಅಂಕಿ ತಿಳಿಯುತ್ತದೆ. ಕಾರಣ, ಬರುವುದು ಹತ್ತು ಅಂಕಿಗಳಲ್ಲಿ ಒಂದು ಎಂದು ಕೇಳುಗನಿಗೆ ಮೊದಲೇ ಗೊತ್ತು. ಆಯ್ಕೆಗಳು ಕಡಿಮೆಯಾದಷ್ಟೂ ಕಿವಿ ಚುರುಕು.

1970ರಲ್ಲಿ ರಿಚರ್ಡ್ ವಾರೆನ್ ಮಾಡಿದ ಪ್ರಯೋಗ ಆಸ್ಪತ್ರೆಯವರಿಗೆ ಹೇಳಿ ಮಾಡಿಸಿದಂತಿದೆ. ಧ್ವನಿಮುದ್ರಿತ ವಾಕ್ಯವೊಂದರಲ್ಲಿ ಒಂದು ‘ಸ್’ ಅನ್ನು ಕತ್ತರಿಸಿ ತೆಗೆದು ಅಲ್ಲಿ ಕೆಮ್ಮನ್ನು ಸೇರಿಸಿದರು. 20 ಜನ ಕೇಳುಗರಲ್ಲಿ 19 ಜನಕ್ಕೆ ಯಾವ ಧ್ವನಿಯೂ ಕಾಣೆಯಾದಂತೆ ತೋರಲಿಲ್ಲ. ಮಿದುಳು ತಾನೇ ಅದನ್ನು ತುಂಬಿಕೊಂಡಿತ್ತು. ಹಾಗೆ ತುಂಬಲು ಭಾಷೆ ಮತ್ತು ವಿಷಯ ಎರಡೂ ಗೊತ್ತಿರಬೇಕು. ಆದರೆ 15 ಮತ್ತು 50, ಎರಡೂ ಸಾಧ್ಯವಿರುವ ಡೋಸ್‌ಗಳಾದರೆ? ಅಲ್ಲಿ ಊಹೆ ನೆರವಿಗೆ ಬರುವುದಿಲ್ಲ. ಅಂಥಲ್ಲಿ ‘ಒನ್ ಫೈವ್’ ಎಂದು ಬಿಡಿಸಿ ಹೇಳಿ ಖಚಿತಪಡಿಸಿಕೊಳ್ಳುವುದೇ ದಾರಿ.

ಪರೀಕ್ಷೆ ಹುಟ್ಟಿದ ಬಗೆ

1975ರಲ್ಲಿ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ವೈದ್ಯಕೀಯ ಪದವಿಗಳಿಗೆ ನೀಡಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಹೊರದೇಶಗಳ ವೈದ್ಯರಿಗೆ ವೃತ್ತಿಜ್ಞಾನದ ಜೊತೆಗೆ ಇಂಗ್ಲಿಷನ್ನೂ ಪರೀಕ್ಷಿಸುವ ಕ್ರಮ ಬಂತು. ನಮ್ಮ ಎಷ್ಟೋ ವೈದ್ಯರು ಇಂಥ ಪರೀಕ್ಷೆಗಳನ್ನು ದಾಟಿಯೇ ಅಲ್ಲಿಗೆ ಹೋದರು.

1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾ ಸರ್ಕಾರಕ್ಕಾಗಿ ಟಿಮ್ ಮೆಕ್‌ನಮಾರ ಎಂಬ ಭಾಷಾವಿಜ್ಞಾನಿ ಹೊಸ ಪರೀಕ್ಷೆಯೊಂದನ್ನು ರೂಪಿಸಿದರು. ದಾದಿಗೆ ಬೇಕಾದ ಇಂಗ್ಲಿಷನ್ನು ಅವಳ ಕೆಲಸದ ಸನ್ನಿವೇಶದಲ್ಲೇ ಅಳೆಯಬೇಕು ಎಂಬುದು ಅದರ ತಿರುಳು. ಅದೇ ಓಇಟಿ. ಮಿಲ್ಲರ್ ಅವರ ಪ್ರಯೋಗದ ಬೆಳಕಿನಲ್ಲಿ ನೋಡಿದರೆ ಇದು ನ್ಯಾಯವೆಂದೇ ನನಗನ್ನಿಸುತ್ತದೆ. ವಿಷಯ ಪರಿಚಿತವಾದರೆ ಆಯ್ಕೆಗಳು ಕಡಿಮೆ, ದಾದಿಗೆ ತನ್ನ ವೃತ್ತಿಜ್ಞಾನವನ್ನೂ ಬಳಸುವ ಅವಕಾಶ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ 2017ರಲ್ಲಿ, ಮೆಡಿಕಲ್ ಕೌನ್ಸಿಲ್ 2018ರಲ್ಲಿ ಇದನ್ನು ಒಪ್ಪಿಕೊಂಡವು. 2018ರಲ್ಲಿ ಪರಿಷ್ಕೃತವಾದ ಸ್ವರೂಪದಲ್ಲಿ ಆಲಿಸುವಿಕೆಗೆ 42 ಪ್ರಶ್ನೆಗಳು. ಧ್ವನಿಮುದ್ರಣವನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ. ರೋಗಿಯೊಂದಿಗಿನ ಸಂಭಾಷಣೆ ಕೇಳುತ್ತಲೇ ಟಿಪ್ಪಣಿಯ ಬಿಟ್ಟ ಸ್ಥಳಗಳನ್ನು ತುಂಬಬೇಕು.

ಕಿವಿಯನ್ನು ಪಳಗಿಸುವುದು

ವಯಸ್ಕರ ಕಿವಿಗೆ ಹೊಸ ಧ್ವನಿಭೇದ ಕಲಿಸಲು ಸಾಧ್ಯವೆ? ಜಪಾನೀಯರಿಗೆ ಇಂಗ್ಲಿಷಿನ ‘ರ್’ ಮತ್ತು ‘ಲ್’ ಒಂದೇ ಆಗಿ ಕೇಳುವುದು ಪ್ರಸಿದ್ಧ. 1991ರಲ್ಲಿ ಅಮೆರಿಕದ ಲೋಗನ್, ಲೈವ್ಲಿ ಮತ್ತು ಪಿಸೋನಿ ಅವರು ಹಲವು ಮಾತುಗಾರರ ಧ್ವನಿಯಲ್ಲಿ ಜೋಡಿ ಪದಗಳನ್ನು ಕೇಳಿಸಿ, ಪ್ರತಿ ಉತ್ತರ ಸರಿಯೋ ತಪ್ಪೋ ಎಂದು ತಕ್ಷಣ ತಿಳಿಸುತ್ತ ಕೆಲವೇ ವಾರ ತರಬೇತಿ ಕೊಟ್ಟರು. ಕೇಳುಗರು ಸುಧಾರಿಸಿದರು. ಒಬ್ಬನೇ ಮಾತುಗಾರನ ಧ್ವನಿಯಲ್ಲಿ ಕಲಿತವರಿಗೆ ಹೊಸಬರ ಮಾತು ಬಂದಾಗ ಆ ಕಲಿಕೆ ಉಪಯೋಗಕ್ಕೆ ಬರಲಿಲ್ಲ ಎಂಬುದು ಮುಂದಿನ ಪ್ರಯೋಗದಲ್ಲಿ ತಿಳಿಯಿತು. ನನ್ನ ವಿದ್ಯಾರ್ಥಿನಿ ತರಬೇತಿ ಕೇಂದ್ರದ ಒಬ್ಬರೇ ಮೇಷ್ಟ್ರ ಧ್ವನಿಯನ್ನು ತಿಂಗಳುಗಟ್ಟಲೆ ಕೇಳಿದ್ದಳು!

ಅವಳಿಗೆ ನಾನು ಹೇಳಿದ ಕ್ರಮ ಇಷ್ಟು. ಬೇರೆ ಬೇರೆ ಜನರ, ಬೇರೆ ಬೇರೆ ದೇಶದವರ ಮಾತು ಕೇಳು. ಮೊದಲ ಬಾರಿ ನಿಲ್ಲಿಸದೆ ಕೇಳಿ ಟಿಪ್ಪಣಿ ಮಾಡು. ಆಮೇಲೆ ಬರಹರೂಪವನ್ನು ಎದುರಿಗಿಟ್ಟುಕೊಂಡು ಮತ್ತೆ ಕೇಳಿ, ತಪ್ಪಿದ ಜಾಗದಲ್ಲಿ ಕಾರಣ ಬರೆ: ಧ್ವನಿ ಗುರುತಾಗಲಿಲ್ಲವೆ, ಪದವೇ ಗೊತ್ತಿರಲಿಲ್ಲವೆ, ಹಿಂದಿನದನ್ನು ಬರೆಯುತ್ತ ಕುಳಿತು ಮುಂದಿನದು ಹೋಯಿತೆ? ಮೂರಕ್ಕೂ ಮದ್ದು ಬೇರೆ. ಧ್ವನಿಮುದ್ರಣ ಶುರುವಾಗುವ ಮುನ್ನ ಬಿಟ್ಟ ಸ್ಥಳವನ್ನು ನೋಡಿ, ಅಲ್ಲಿ ಬರಬೇಕಾದದ್ದು ಔಷಧವೋ ಪ್ರಮಾಣವೋ ಅವಧಿಯೋ ಎಂದು ನಿರ್ಧರಿಸಿಕೋ. ಮಿಲ್ಲರ್ ತೋರಿಸಿದಂತೆ, ಡೆಸಿಬೆಲ್ ಲಾಭ ಅಲ್ಲೇ ಇದೆ.

ಓದುವುದಕ್ಕೂ ಇಂಥದೇ ಚರಿತ್ರೆ ಇದೆ. 1879ರಲ್ಲಿ ಜರ್ಮನಿಯ ಎವಾಲ್ಡ್ ಹೆರಿಂಗ್ ಓದುಗನ ಕಣ್ಣುರೆಪ್ಪೆಯ ಮೇಲೆ ಸ್ಟೆತೊಸ್ಕೋಪಿನಂಥ ರಬ್ಬರ್ ಕೊಳವೆಗಳನ್ನಿಟ್ಟು ಆಲಿಸಿದರು. ಕಣ್ಣು ಸಾಲಿನ ಮೇಲೆ ಜಾರುತ್ತಿರಲಿಲ್ಲ, ಟಪ್ ಟಪ್ ಎಂದು ಜಿಗಿಯುತ್ತಿತ್ತು. ಪ್ರತಿ ನಿಲುಗಡೆ ಸುಮಾರು ಕಾಲು ಸೆಕೆಂಡು ಎಂದು ಈಗ ಗೊತ್ತಿದೆ. ಓಇಟಿ ಓದುವಿಕೆಯ ಮೊದಲ ಭಾಗದಲ್ಲಿ ನಾಲ್ಕು ಪಠ್ಯಗಳ ಮೇಲೆ 20 ಪ್ರಶ್ನೆಗಳಿಗೆ 15 ನಿಮಿಷ, ಅಂದರೆ ಪ್ರಶ್ನೆಗೆ 45 ಸೆಕೆಂಡು. ಮೊದಲಿಂದ ಕೊನೆಯವರೆಗೆ ಓದುತ್ತ ಹೋದರೆ ಆಗದ ಕೆಲಸ. ಪ್ರಶ್ನೆ ನೋಡಿ, ಯಾವ ಪಠ್ಯದಲ್ಲಿ ಉತ್ತರವಿದ್ದೀತು ಎಂದು ತಲೆಬರಹದಿಂದ ಊಹಿಸಿ, ಅಂಕಿ ಅಥವಾ ಔಷಧದ ಹೆಸರನ್ನು ಹುಡುಕಬೇಕು. ಅವಳಿಗೆ ಇದು ಕಷ್ಟವಾಗಿರಲಿಲ್ಲ. ರಾತ್ರಿ ಪಾಳಿಯಲ್ಲಿ ಕೇಸ್ ಶೀಟ್ ತಿರುವಿ ಅಭ್ಯಾಸವಿದೆ ಎಂದಳು.

ಹೋಗುವಾಗ ನಾನು ಬೇಕೆಂದೇ ಫ್ಯಾನನ್ನು ಜೋರು ಮಾಡಿ, ಟಿವಿಯನ್ನೂ ಹಾಕಿ, ಇಂಗ್ಲಿಷಿನಲ್ಲಿ ಹತ್ತು ಸಂಖ್ಯೆಗಳನ್ನು ಹೇಳಿದೆ. ಎಂಟನ್ನು ಸರಿಯಾಗಿ ಬರೆದಳು. ತಪ್ಪಾದವು 13 ಮತ್ತು 60. ಅವನ್ನು ಚೀಟಿಯ ಹಿಂಬದಿಯಲ್ಲಿ ಗುರುತು ಹಾಕಿಕೊಂಡು, ಪಾಳಿಗೆ ಹೊತ್ತಾಯಿತೆಂದು ಹೊರಟಳು.